ಗಿಟಾರ್ ಪ್ರಶ್ನೋತ್ತರ: ತಂತಿ ಎಷ್ಟು ದಪ್ಪ ಇರಬೇಕು?

ಈ ಸಲ ಬಂದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವೇ ಹೆಚ್ಚು. ಕೇಳಿದ ರೀತಿ ಬೇರೆ ಬೇರೆ, ಆದರೆ ಎಲ್ಲವೂ ಬಂದು ನಿಲ್ಲುವುದು ಎಲೆಕ್ಟ್ರಿಕ್ ಗಿಟಾರಿನ ತಂತಿಯ ದಪ್ಪದ ಹತ್ತಿರ, ಅಂದರೆ ಗೇಜಿನ ಹತ್ತಿರ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿದ್ದೇನೆ. ಆರು ತಿಂಗಳ ಹಿಂದೆ ಸ್ಟ್ರಾಟ್ ಮಾದರಿಯ ಗಿಟಾರ್ ತೆಗೆದುಕೊಂಡೆ. ತಂತಿ ಬದಲಿಸಲು ಅಂಗಡಿಗೆ ಹೋದಾಗ "ಇಲೆವೆನ್ ಹಾಕ್ರಿ, ಸೌಂಡ್ ದಪ್ಪ ಬರ್ತದ" ಅಂದರು. ಹಾಕಿಸಿದ ಮೇಲೆ ಒಂದೇ ಬೆರಳಿನಿಂದ ಆರೂ ತಂತಿ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿಯಲು ಆಗುತ್ತಿಲ್ಲ. ಬೆಂಡ್ ಮಾಡಿದರೆ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದರೆ, ಬೇಕಾದ ಸ್ವರದವರೆಗೆ ತಂತಿ ಹೋಗುವುದೇ ಇಲ್ಲ. ಗೆಳೆಯರು "ಬೆರಳು ಗಟ್ಟಿ ಆಗ್ತಾವ, ಬಿಡಬ್ಯಾಡ" ಅಂತಾರೆ. ಏನು ಮಾಡಲಿ?
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ಆ 11ರ ಸೆಟ್ ಬಿಚ್ಚಿ 9ರ ಸೆಟ್ ಹಾಕಿ. ನಿಮ್ಮ ಕೈಯಲ್ಲಿ ಯಾವ ದೋಷವೂ ಇಲ್ಲ.

ಗೇಜಿನ ಅಂಕಿ ಇಂಚಿನ ಸಾವಿರದ ಲೆಕ್ಕದ್ದು. ಸೆಟ್ಟನ್ನು ಅದರ ಮೊದಲನೇ ತಂತಿಯ, ಅಂದರೆ ಎಲ್ಲಕ್ಕಿಂತ ಸಣ್ಣ ತಂತಿಯ ಅಂಕಿಯಿಂದ ಕರೆಯುತ್ತಾರೆ. 9 ಎಂದರೆ 0.009 ಇಂಚು, ಸುಮಾರು 0.23 ಮಿ.ಮೀ. 11 ಎಂದರೆ 0.28 ಮಿ.ಮೀ. ನಡುವಿನ ವ್ಯತ್ಯಾಸ 0.05 ಮಿ.ಮೀ., ಬರಿಗಣ್ಣಿಗೆ ತಿಳಿಯುವುದೇ ಇಲ್ಲ. ಆದರೆ ಒಂದೇ ಸ್ವರಕ್ಕೆ ಬಿಗಿದಾಗ ತಂತಿಯ ಎಳೆತ ದಪ್ಪದ ವರ್ಗದಂತೆ ಏರುತ್ತದೆ. ನಿಮ್ಮ ಗಿಟಾರಿನಲ್ಲಿ ನೆಕ್ (ಕತ್ತು) ತುದಿಯಲ್ಲಿ ತಂತಿ ಕೂರುವ ಕಚ್ಚಿನ ಪಟ್ಟಿಯಾದ ನಟ್‌ನಿಂದ ಗಿಟಾರಿನ ಮೈ ಮೇಲೆ ತಂತಿಗೆ ಆಧಾರವಾದ ಬ್ರಿಡ್ಜಿನವರೆಗಿನ ತಂತಿಯ ಉದ್ದ, ಅಂದರೆ ಸ್ಕೇಲ್, 25.5 ಇಂಚು. ಅಷ್ಟು ಉದ್ದಕ್ಕೆ 9ರ ಮೊದಲನೇ ತಂತಿ ಸುಮಾರು 6 ಕೆ.ಜಿ. ಎಳೆಯುತ್ತದೆ, 11ರದು ಸುಮಾರು 9 ಕೆ.ಜಿ. ಒಂದೂವರೆ ಪಟ್ಟು! ಆರು ತಂತಿಯನ್ನೂ ಕೂಡಿಸಿದರೆ 9ರ ಸೆಟ್ ನೆಕ್ ಮೇಲೆ ಹಾಕುವ ಭಾರ 38–39 ಕೆ.ಜಿ., 10ರದು 47 ಕೆ.ಜಿ., 11ರದು 53–54 ಕೆ.ಜಿ. ನಿಮ್ಮ ಬೆರಳು ದಿನವೂ ಹೋರಾಡುತ್ತಿರುವುದು ಈ ಹದಿನೈದು ಕೆ.ಜಿ.ಯ ಜೊತೆ.

ಸೆಟ್ ಕೊಳ್ಳುವಾಗ ಪೊಟ್ಟಣದ ಹಿಂದೆ ಆರೂ ಅಂಕಿ ಓದಿ. ಸಾಮಾನ್ಯ 9ರ ಸೆಟ್ಟಿನಲ್ಲಿ 9, 11, 16, 24, 32, 42 ಇರುತ್ತವೆ. 10ರದರಲ್ಲಿ 10, 13, 17, 26, 36, 46. 11ರದರಲ್ಲಿ 11, 14, 18, 28, 38, 49. ಇವುಗಳ ನಡುವೆ ಒಂಬತ್ತೂವರೆಯ ಸೆಟ್ಟೂ ಉಂಟು: 9.5, 12, 16, 24, 34, 44. ಆರೆಂಟು ತಿಂಗಳಾದ ಮೇಲೆ 9 ತೀರಾ ಮೆತ್ತಗೆ ಅನ್ನಿಸಿದರೆ ನೇರ 10ಕ್ಕೆ ಹಾರುವ ಮೊದಲು ಅದನ್ನೊಮ್ಮೆ ಹಾಕಿ ನೋಡಿ. ಎಷ್ಟೋ ಕೈಗಳು ಅಲ್ಲೇ ನೆಲೆ ನಿಲ್ಲುತ್ತವೆ.

ಇನ್ನು "ಸೌಂಡ್ ದಪ್ಪ ಬರ್ತದ" ಅನ್ನುವ ಮಾತು. ದಪ್ಪ ತಂತಿ ಜೋರು ಮೀಟನ್ನು ತಡೆದುಕೊಳ್ಳುತ್ತದೆ, ತಂತಿಯ ಕಂಪನ ಹಿಡಿಯುವ ಪಿಕಪ್ಪಿಗೆ ತುಸು ಹೆಚ್ಚು ಸಂಕೇತ ಕೊಡುತ್ತದೆ, ಇದು ನಿಜ. ಆದರೆ ನಾದದ ಬಹುಭಾಗ ಬರುವುದು ಕೈಯಿಂದ, ಪಿಕಪ್ಪಿನಿಂದ, ಆಂಪ್‌ನಿಂದ. ಟೆಕ್ಸಸ್ಸಿನ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರಷ್ಟು ದಪ್ಪ ತಂತಿ ಹಾಕಿ, ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ಅದೇ ಟೆಕ್ಸಸ್ಸಿನ ಬಿಲ್ಲಿ ಗಿಬ್ಬನ್ಸ್ ನುಡಿಸುವುದು 7ರ ತಂತಿ. ಇಬ್ಬರದೂ ಬ್ಲೂಸ್, ಇಬ್ಬರ ನಾದವನ್ನೂ ತೆಳು ಅಂದವರಿಲ್ಲ. 9 ಹಾಕಿದ ಮೇಲೆ ಸದ್ದು ಸೊರಗಿತು ಅನ್ನಿಸಿದರೆ ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ತಿರುಗಿಸಿ ಅರ್ಧ ಮಿ.ಮೀ. ಮೇಲೆತ್ತಿ. ಕೊನೆಯ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಸುಮಾರು 2 ಮಿ.ಮೀ. ಉಳಿಯಲಿ. ಅದಕ್ಕಿಂತ ಹತ್ತಿರ ತಂದರೆ ಅಯಸ್ಕಾಂತ ದಪ್ಪ ತಂತಿಗಳನ್ನು ಎಳೆದು ಸ್ವರ ಅಲುಗುತ್ತದೆ.

ತಂತಿ ಬದಲಿಸಿ ಅಷ್ಟಕ್ಕೇ ಬಿಡಬೇಡಿ. ಭಾರ ಹದಿನೈದು ಕೆ.ಜಿ. ಇಳಿದಾಗ ನೆಕ್ ಹಿಂದಕ್ಕೆ ನೇರವಾಗಿ, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಝರಝರ ಅನ್ನಬಹುದು. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಗಿಟಾರಿನ ಮೈ ಸೇರುವಲ್ಲಿ ಆರನೇ ತಂತಿಯನ್ನು ಒತ್ತಿ ಹಿಡಿದು, ಏಳು–ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಇರುವ ಸಂದು ನೋಡಿ. 0.20ರಿಂದ 0.25 ಮಿ.ಮೀ. ಇರಬೇಕು. ಅಳೆಯಲು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಸಾಕು, ಯಾವ ಗ್ಯಾರೇಜಿನಲ್ಲಾದರೂ ಇರುತ್ತದೆ. ಸಂದೇ ಇಲ್ಲದಿದ್ದರೆ ನೆಕ್ ಒಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಸಂದು ಹೆಚ್ಚಿದ್ದರೆ ಬಲಕ್ಕೆ ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಅಲೆನ್ ಕೀ ಸರಿಯಾಗಿ ಕಚ್ಚದೆ ಜಾರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅಳತೆ ಸರಿಯಿಲ್ಲದ ಕೀಯಿಂದ ಒಳಗಿನ ಆರು ಮೂಲೆ ಸವೆದರೆ ರಿಪೇರಿ ದೊಡ್ಡದಾಗುತ್ತದೆ.

ಎಫ್ ಕಾರ್ಡ್ ಬಗ್ಗೆ ಇನ್ನೊಂದು ಅನುಮಾನ ಇದೆ. ಮೂರನೇ ಫ್ರೆಟ್ ಒತ್ತಿ ಹಿಡಿದು, ಅದೇ ತಂತಿ ಮೊದಲನೇ ಫ್ರೆಟ್ ಮೇಲೆ ಎಷ್ಟು ಎತ್ತರದಲ್ಲಿದೆ ನೋಡಿ. ನೋಟ್‌ಬುಕ್ಕಿನ ಒಂದು ಹಾಳೆ ತೂರುವಷ್ಟು ಸಂದು ಸಾಕು. ನಾಲ್ಕೈದು ಹಾಳೆ ಸಲೀಸಾಗಿ ತೂರಿದರೆ ನಟ್‌ನ ಕಚ್ಚು ಎತ್ತರದಲ್ಲಿದೆ ಅಂತ ಅರ್ಥ. ಆಗ 9 ಹಾಕಿದರೂ ಎಫ್ ಹಿಡಿಯುವುದು ಕಷ್ಟವೇ, ಕಚ್ಚನ್ನು ಆಳ ಮಾಡಿಸಬೇಕು. ಕಡಿಮೆ ಬೆಲೆಯ ಹೊಸ ಗಿಟಾರ್‌ಗಳಲ್ಲಿ ಇದು ತೀರಾ ಸಾಮಾನ್ಯ, ಪಾಪ ಕಲಿಯುವವರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ.

ಬೆರಳ ತುದಿ ಗಟ್ಟಿಯಾಗಲು 9ರ ತಂತಿಯೇ ಸಾಕು. ತುದಿ ಉರಿದರೆ ಚಿಂತೆಯಿಲ್ಲ. ಮಣಿಕಟ್ಟು ಅಥವಾ ಬೆರಳ ಗೆಣ್ಣು ನೋಯುತ್ತಿದ್ದರೆ ಮಾತ್ರ ಆ ದಿನ ಗಿಟಾರ್ ಕೆಳಗಿಡಿ.

ಪ್ರಶ್ನೆ: ನಮ್ಮ ಚರ್ಚಿನ ಗಾಯನ ತಂಡದಲ್ಲಿ ಲೆಸ್ ಪಾಲ್ ಮಾದರಿಯ ಗಿಟಾರ್ ಇದೆ. ಹಾಡುವವರ ಕಂಠಕ್ಕೆ ತಕ್ಕಂತೆ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿರುತ್ತೇವೆ. ಈಗ 9ರ ಸೆಟ್ ಇದೆ. ಆರನೇ ತಂತಿ ಗರಗರ ಅನ್ನುತ್ತದೆ, ಕಾರ್ಡ್ ಸ್ವಲ್ಪ ಜೋರಾಗಿ ಒತ್ತಿದರೂ ಶ್ರುತಿ ಏರಿದಂತೆ ಕೇಳುತ್ತದೆ.
— ರಾಯಚೂರು

ಉತ್ತರ: ನಿಮ್ಮಲ್ಲಿ ಎಳೆತ ಎರಡು ಕಡೆಯಿಂದ ಸೋರಿಹೋಗಿದೆ. ಲೆಸ್ ಪಾಲ್ ಮಾದರಿಯ ಸ್ಕೇಲ್ ಸುಮಾರು 24.75 ಇಂಚು, ಸ್ಟ್ರಾಟಿಗಿಂತ ಮುಕ್ಕಾಲು ಇಂಚು ಗಿಡ್ಡ. ಅದೊಂದರಿಂದಲೇ ಎಳೆತ ನೂರಕ್ಕೆ 6ರಷ್ಟು ಇಳಿಯುತ್ತದೆ. ಅರ್ಧ ಸ್ವರ ಇಳಿಸಿದ್ದರಿಂದ ಮತ್ತೆ ನೂರಕ್ಕೆ 11. ಹೀಗಾಗಿ ನಿಮ್ಮ 9ರ ಸೆಟ್ಟಿನಲ್ಲಿ ಉಳಿದಿರುವುದು 32 ಕೆ.ಜಿ. ಆಸುಪಾಸು. ಅಷ್ಟು ಸಡಿಲ ತಂತಿ ಮೀಟಿದಾಗ ಅಗಲವಾಗಿ ತೂಗಾಡಿ ಫ್ರೆಟ್‌ಗೆ ಬಡಿಯುತ್ತದೆ, ಒತ್ತಿದರೆ ಸುಲಭವಾಗಿ ಹಿಗ್ಗಿ ಸ್ವರ ಏರುತ್ತದೆ.

ಅದೇ ಗಿಟಾರಿಗೆ, ಅದೇ ಶ್ರುತಿಯಲ್ಲಿ, 10ರ ಸೆಟ್ ಹಾಕಿದರೆ 39 ಕೆ.ಜಿ. ಬರುತ್ತದೆ. ಅಂದರೆ ಸ್ಟ್ರಾಟಿನಲ್ಲಿ ಮಾಮೂಲಿ ಶ್ರುತಿಗೆ 9 ಹಾಕಿದಷ್ಟೇ ಬಿಗಿ. 11 ಹಾಕಿದರೆ 45 ಕೆ.ಜಿ. ಹತ್ತಿರ. ನಿಮ್ಮದು ಹೆಚ್ಚಾಗಿ ಕಾರ್ಡ್ ಬಾರಿಸುವ ಕೆಲಸವಾದ್ದರಿಂದ 11–49 ಹಾಕಿ. ಬಳ್ಳಾರಿಯ ವಿದ್ಯಾರ್ಥಿಗೆ ಬೇಡ ಅಂದ ಸೆಟ್ಟನ್ನೇ ನಿಮಗೆ ಹೇಳುತ್ತಿದ್ದೇವೆ, ಏಕೆಂದರೆ ಸ್ಕೇಲು, ಶ್ರುತಿ ಎರಡೂ ತಿಳಿಯದೆ ಗೇಜಿನ ಅಂಕಿಗೆ ಅರ್ಥವಿಲ್ಲ. ಅದೇ ಗಿಟಾರಿನಲ್ಲಿ ಲೀಡ್ ನುಡಿಸುವವರೂ ಇದ್ದರೆ 10–46.

ಈ ಮಾದರಿಯ ಬ್ರಿಡ್ಜಿನಲ್ಲಿ ಸ್ಪ್ರಿಂಗ್ ಇಲ್ಲ, ಹಾಗಾಗಿ ಕೆಲಸ ಸಲೀಸು. ನೆಕ್ ಸಂದು ಅಳೆದು, ಬ್ರಿಡ್ಜಿನ ಎರಡು ಬದಿಯ ಚಕ್ರಗಳಿಂದ ಎತ್ತರ ಹೊಂದಿಸಿ. 12ನೇ ಫ್ರೆಟ್ ಮೇಲೆ ಆರನೇ ತಂತಿಗೆ 2 ಮಿ.ಮೀ., ಮೊದಲನೆಯದಕ್ಕೆ ಒಂದೂಕಾಲರಿಂದ ಒಂದೂವರೆ ಮಿ.ಮೀ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಟ್ರೆಮೊಲೊ, ಅಂದರೆ ಬ್ರಿಡ್ಜ್ ಅಲುಗಿಸಿ ಸ್ವರ ಏರಿಳಿಸುವ ಸರಳು, ಇರುವ ಗಿಟಾರ್. 9 ತೆಗೆದು 10–46 ಹಾಕಿದೆ. ಬ್ರಿಡ್ಜ್ ಹಿಂಭಾಗ ಮೇಲೆದ್ದಿದೆ, ತಂತಿ ಎಲ್ಲ ಎತ್ತರ ಆಗಿವೆ. ಒಂದು ತಂತಿ ಶ್ರುತಿ ಮಾಡಿದರೆ ಉಳಿದವು ಇಳಿಯುತ್ತವೆ. ರಾತ್ರಿಯೆಲ್ಲ ಇದೇ ಆಯಿತು.
— ಗಂಗಾವತಿ

ಉತ್ತರ: ಟ್ರೆಮೊಲೊ ಬ್ರಿಡ್ಜ್ ಒಂದು ತಕ್ಕಡಿ ಇದ್ದ ಹಾಗೆ. ಮೇಲುಗಡೆ ಆರು ತಂತಿ ಒಂದು ಕಡೆಗೆ ಎಳೆಯುತ್ತವೆ, ಗಿಟಾರಿನ ಬೆನ್ನಿನೊಳಗೆ ಸ್ಪ್ರಿಂಗ್‌ಗಳು ಇನ್ನೊಂದು ಕಡೆಗೆ. ನೀವು ತಂತಿಯ ತಟ್ಟೆಗೆ ಎಂಟು ಕೆ.ಜಿ. ಹೆಚ್ಚು ಹಾಕಿದಿರಿ, ಸ್ಪ್ರಿಂಗಿನ ತಟ್ಟೆ ಹಾಗೇ ಉಳಿಯಿತು. ತಕ್ಕಡಿ ವಾಲಿದೆ. ಟ್ಯೂನಿಂಗ್ ಕೀ ತಿರುಗಿಸಿ ಅದನ್ನು ಸರಿ ಮಾಡಲು ಆಗುವುದಿಲ್ಲ, ಒಂದು ತಂತಿ ಬಿಗಿದಷ್ಟೂ ಬ್ರಿಡ್ಜ್ ಇನ್ನಷ್ಟು ಏಳುತ್ತದೆ.

ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳ ಒಂದು ತುದಿ ಕೊಕ್ಕೆ ಹಾಕಿಕೊಂಡಿರುವ ಲೋಹದ ಪಟ್ಟಿಯೇ ಕ್ಲಾ. ಅದನ್ನು ಮರಕ್ಕೆ ಹಿಡಿದಿರುವುದು ಎರಡು ಉದ್ದ ಸ್ಕ್ರೂ. ತಂತಿಗಳನ್ನು ಮೊದಲು ಒಂದು ಸ್ವರದಷ್ಟು ಸಡಿಲಿಸಿಕೊಳ್ಳಿ, ಇಲ್ಲದಿದ್ದರೆ ಸ್ಕ್ರೂ ತಲೆ ಕಿತ್ತುಹೋಗುವಷ್ಟು ಬಿಗಿ ಇರುತ್ತದೆ. ತಲೆಗೆ ಸರಿಯಾಗಿ ಕೂರುವ ದಪ್ಪ ಸ್ಟಾರ್ ಸ್ಕ್ರೂಡ್ರೈವರಿನಿಂದ ಎರಡನ್ನೂ ಸಮವಾಗಿ ಒಂದೊಂದು ಸುತ್ತು ಬಿಗಿಯಿರಿ. ಆಮೇಲೆ ಆರೂ ತಂತಿ ಶ್ರುತಿಗೆ ತನ್ನಿ. ಬ್ರಿಡ್ಜಿನ ಹಿಂದಿನ ಅಂಚಿಗೂ ಗಿಟಾರಿನ ಮೈಗೂ ನಡುವೆ ಸುಮಾರು 3 ಮಿ.ಮೀ. ಸಂದು ಉಳಿಯಬೇಕು. ಜಾಸ್ತಿ ಇದ್ದರೆ ಇನ್ನರ್ಧ ಸುತ್ತು, ಮತ್ತೆ ಶ್ರುತಿ. ನಾಲ್ಕೈದು ಸಲ ಈ ಸುತ್ತು ಹಾಕಬೇಕಾಗುತ್ತದೆ, ಅದಕ್ಕೆ ಬೇಸರ ಬೇಡ. ಮೂರು ಸ್ಪ್ರಿಂಗ್ ಇದ್ದು ಕ್ಲಾ ಪೂರ್ತಿ ಮರಕ್ಕೆ ತಾಗುವ ಹಾಗೆ ಬಂದರೂ ಬ್ರಿಡ್ಜ್ ಇಳಿಯದಿದ್ದರೆ ನಾಲ್ಕನೇ ಸ್ಪ್ರಿಂಗ್ ಹಾಕಿ.

ಆರ್ಕೆಸ್ಟ್ರಾದವರಿಗೆ ನಮ್ಮ ಸಲಹೆ ಬೇರೆಯೇ. ನೀವು ಟ್ರೆಮೊಲೊ ಸರಳನ್ನು ಹಾಡಿಗೊಮ್ಮೆಯೂ ಮುಟ್ಟದಿದ್ದರೆ ಐದು ಸ್ಪ್ರಿಂಗ್ ಹಾಕಿ, ಬ್ರಿಡ್ಜ್ ಗಿಟಾರಿನ ಮೈಗೆ ಅಂಟಿ ಕೂರುವವರೆಗೆ ಕ್ಲಾ ಬಿಗಿಯಿರಿ. ತೇಲುವ ಬ್ರಿಡ್ಜಿನಲ್ಲಿ ಜಾತ್ರೆಯ ವೇದಿಕೆಯ ಮೇಲೆ ಒಂದು ತಂತಿ ಹರಿದರೆ ಉಳಿದ ಐದೂ ತಕ್ಷಣ ಏರಿಬಿಡುತ್ತವೆ, ಹಾಡು ಅಲ್ಲಿಗೇ ಕೆಡುತ್ತದೆ. ಮೈಗೆ ಕೂತ ಬ್ರಿಡ್ಜಿನಲ್ಲಿ ಐದು ತಂತಿಯಲ್ಲೇ ಹಾಡು ಮುಗಿಸಬಹುದು.

ಬ್ರಿಡ್ಜ್ ನಿಂತ ಮೇಲೆಯೇ ನೆಕ್, ಆಮೇಲೆ ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವಂತೆ ಹೊಂದಿಸುವುದು. ಈ ಕ್ರಮ ಹಿಂದೆ ಮುಂದೆ ಆದರೆ ಎಲ್ಲ ಮತ್ತೆ ಮಾಡಬೇಕು. ಎತ್ತರ 17ನೇ ಫ್ರೆಟ್ ಮೇಲೆ ಒಂದೂವರೆ ಮಿ.ಮೀ.ಗಿಂತ ತುಸು ಹೆಚ್ಚು ಇರಲಿ. ಇಂಟೊನೇಷನ್‌ಗೆ 12ನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಟ್ಯೂನರಿನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜಿನಲ್ಲಿ ಆ ತಂತಿ ಕೂರುವ ತುಂಡನ್ನು, ಅಂದರೆ ಸ್ಯಾಡಲನ್ನು, ನೆಕ್‌ನಿಂದ ದೂರಕ್ಕೆ ಸರಿಸಿ, ಇಳಿದಿದ್ದರೆ ಹತ್ತಿರಕ್ಕೆ. ದಪ್ಪ ತಂತಿಗೆ ಬಂದವರು ಸಾಮಾನ್ಯವಾಗಿ ದೂರಕ್ಕೇ ಸರಿಸಬೇಕಾಗುತ್ತದೆ. ಸರಿಸುವ ಮುನ್ನ ತಂತಿ ಸಡಿಲಿಸಿ, ಇಲ್ಲದಿದ್ದರೆ ಸ್ಕ್ರೂ ಎಳೆ ಸವೆಯುತ್ತದೆ.

ಶ್ರುತಿ ಮಾಡುವಾಗ ನಟ್ ಹತ್ತಿರ "ಟಿಂಗ್" ಅಂದು ಸ್ವರ ಒಮ್ಮೆಲೇ ಜಿಗಿಯುತ್ತಿದೆಯೇ? 9ಕ್ಕೆ ಕೊರೆದ ಕಚ್ಚಿನಲ್ಲಿ 10 ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಪೆನ್ಸಿಲ್ ಸೀಸದ ಪುಡಿ ಕಚ್ಚಿಗೆ ತುಂಬಿ ನೋಡಿ, 9ರಿಂದ 10ಕ್ಕೆ ಬಹುತೇಕ ಅಷ್ಟೇ ಸಾಕು.

ಪ್ರಶ್ನೆ: ಮೊದಲನೇ ತಂತಿ ವಾರಕ್ಕೊಂದು ಹರಿಯುತ್ತದೆ. 9ರ ಬದಲು 10 ಹಾಕಿದರೆ ನಿಲ್ಲುತ್ತದೆಯೇ?
— ಸಿಂಧನೂರು

ಉತ್ತರ: ನಿಲ್ಲುವ ಭರವಸೆ ಇಲ್ಲ. 10 ಹೆಚ್ಚು ಎಳೆತದಲ್ಲಿರುತ್ತದೆ, ಅಷ್ಟೇ ಪ್ರಮಾಣದಲ್ಲಿ ಅದರ ಉಕ್ಕೂ ಹೆಚ್ಚು. ಹಾಗಾಗಿ ಒಂದೇ ಗಿಟಾರಿನಲ್ಲಿ, ಒಂದೇ ಸ್ವರಕ್ಕೆ, ಎರಡೂ ಹರಿಯುವ ಹಂತಕ್ಕೆ ಸಮಾನ ಹತ್ತಿರದಲ್ಲೇ ಇರುತ್ತವೆ. ಹರಿದ ತುಂಡು ಎಸೆಯಬೇಡಿ, ಎಲ್ಲಿ ಹರಿಯಿತು ನೋಡಿ. ಪ್ರತಿ ಸಲವೂ ಸ್ಯಾಡಲ್ ಹತ್ತಿರವೇ ಆದರೆ ಅಲ್ಲಿ ಲೋಹದ ಮುಳ್ಳು ಎದ್ದಿದೆ. ಸಾವಿರ ನಂಬರಿನ ಮರಳು ಕಾಗದವನ್ನು ಸಣ್ಣಗೆ ಸುತ್ತಿ ತಂತಿ ಕೂರುವ ಜಾಗವನ್ನು ನಯ ಮಾಡಿ, ಇಲ್ಲವೇ ಹಳೆಯ ಸುತ್ತು ತಂತಿಯನ್ನೇ ಅಲ್ಲಿ ಹಿಂದೆ ಮುಂದೆ ಎಳೆದು ಉಜ್ಜಿ. ಟ್ಯೂನಿಂಗ್ ಕೀಯಲ್ಲಿ ಹರಿದರೆ ಅದರ ತೂತಿನ ಅಂಚು ಹರಿತ ಇದೆ. ತಂತಿಯ ಬುಡದಲ್ಲಿರುವ ಲೋಹದ ಗುಂಡಿನ ಹತ್ತಿರದ ತಿರುಚಿನಲ್ಲಿ ಬಿಚ್ಚಿಕೊಂಡರೆ ತಂತಿಯೇ ಕಳಪೆ, ಬ್ರ್ಯಾಂಡ್ ಬದಲಿಸಿ. ಯಾವ ಫ್ರೆಟ್ ಮೇಲೆ ಬೇಕಾದರೂ ಹರಿಯುತ್ತಿದ್ದರೆ ತುಕ್ಕು.

ಪ್ರಶ್ನೆ: ಪೊಟ್ಟಣದ ಮೇಲೆ 11 ಅಂತಲೇ ಇತ್ತು. ಹಾಕಿದ ಮೇಲೆ ಆಂಪ್‌ನಲ್ಲಿ ಮೊದಲ ಎರಡು ತಂತಿ ಕಿರುಚುತ್ತವೆ, ಉಳಿದ ನಾಲ್ಕು ಮಂಕು. ಪಿಕಪ್ ಹೋಯಿತೇ?
— ಕೊಪ್ಪಳ

ಉತ್ತರ: ಪಿಕಪ್ ಚೆನ್ನಾಗಿದೆ. ನೀವು ಹಾಕಿರುವುದು ಅಕೌಸ್ಟಿಕ್ ಗಿಟಾರಿನ ತಂತಿ. ದಪ್ಪ ತಂತಿಗಳ ಬಣ್ಣ ತಾಮ್ರದ ಹಾಗೆ, ಚಿನ್ನದ ಹಾಗೆ ಇದೆಯಲ್ಲವೇ? ಅದು ಕಂಚಿನ ಸುತ್ತು. ಪಿಕಪ್ ಅಯಸ್ಕಾಂತದ ಮೇಲೆ ನಡೆಯುವಂಥದ್ದು, ಕಂಚು ಅದಕ್ಕೆ ಕಾಣುವುದೇ ಇಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕೇಳಿಸುತ್ತದೆ. ಸುತ್ತಿಲ್ಲದ ಮೊದಲೆರಡು ತಂತಿ ಪೂರ್ತಿ ಉಕ್ಕಾದ್ದರಿಂದ ಅವಷ್ಟೇ ಜೋರು. ಮೂರನೇ ತಂತಿಯೂ ಸುತ್ತಿನದೇ ಇದ್ದರೆ ಸಂಶಯವೇ ಬೇಡ. ಎಲೆಕ್ಟ್ರಿಕ್ ಸೆಟ್ಟಿನ ಸುತ್ತು ಬೆಳ್ಳಿಯ ಬಣ್ಣದ್ದು, ಪೊಟ್ಟಣದ ಮೇಲೆ ನಿಕಲ್ ಅಂತ ಇರುತ್ತದೆ. "11 ಕೊಡಿ" ಅನ್ನಬೇಡಿ, "ಎಲೆಕ್ಟ್ರಿಕ್ ನಿಕಲ್, 10–46" ಅಂತ ಎರಡು ತುದಿಯ ಅಂಕಿಯನ್ನೂ ಹೇಳಿ ಕೇಳಿ.

ಪ್ರಶ್ನೆ: ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ವಚನ ಗಾಯನಕ್ಕೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಜೊತೆ ಕೊಡಬೇಕೆಂದು ಆಸೆ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಎಳೆಯಲು ಯಾವ ಗೇಜ್? 10ರಲ್ಲಿ ಎರಡು ಸ್ವರ ಎಳೆಯುವಷ್ಟರಲ್ಲಿ ತಂತಿ ಕಟ್ಟಿಕೊಂಡ ಹಾಗೆ ಸದ್ದು ನಿಲ್ಲುತ್ತದೆ.
— ಮಾನ್ವಿ

ಉತ್ತರ: ವಚನ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಜಿಲ್ಲೆಯಿಂದ ಈ ಪ್ರಶ್ನೆ ಬಂದದ್ದು ನಮಗೆ ತುಂಬ ಖುಷಿ ಕೊಟ್ಟಿತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಮಕ ಹೊಮ್ಮುತ್ತದೆ ಅನ್ನುವುದನ್ನು ಗಿಟಾರ್ ವಾದಕ ಪ್ರಸನ್ನ ಅವರು ಕರ್ನಾಟಕ ಸಂಗೀತ ನುಡಿಸಿ ತೋರಿಸಿದ್ದಾರೆ. ಹಾಗಾಗಿ ಆಸೆ ಬಿಡಬೇಡಿ.

ಮೊದಲು ಸದ್ದು ನಿಲ್ಲುವ ವಿಚಾರ, ಅದು ಗೇಜಿನದಲ್ಲ. ಫ್ರೆಟ್ ಬೋರ್ಡ್ ಅಡ್ಡಡ್ಡ ಉಬ್ಬಿರುತ್ತದೆ. ಮೊದಲನೇ ತಂತಿಯನ್ನು ಬಹಳ ದೂರ ಎಳೆದರೆ ಅದು ಉಬ್ಬಿನ ಮೇಲೇರಿ ಮುಂದಿನ ಫ್ರೆಟ್‌ಗೆ ತಾಗುತ್ತದೆ, ಸ್ವರ ಅಲ್ಲೇ ಸಾಯುತ್ತದೆ. ಮೊದಲ ಮೂರು ತಂತಿಯ ಎತ್ತರವನ್ನು 1.8ರಿಂದ 2 ಮಿ.ಮೀ.ಗೆ ಏರಿಸಿ. ಹಾಗೆ ಏರಿಸಿದರೆ ಬೆರಳ ತುದಿ ಪಕ್ಕದ ತಂತಿಯ ಕೆಳಗೆ ತೂರಿ ಹಿಡಿತವೂ ಸಿಗುತ್ತದೆ.

ಇನ್ನು ಗೇಜ್. ಒಂದೇ ಶ್ರುತಿಯಲ್ಲಿ 9 ಇರಲಿ 10 ಇರಲಿ, ಸಾದಿಂದ ಗಕ್ಕೆ ಹೋಗಲು ತಂತಿಯನ್ನು ಎಳೆಯಬೇಕಾದ ದೂರ ಒಂದೇ. ಬೇಕಾಗುವ ಬಲ ಮಾತ್ರ 10ಕ್ಕೆ ನೂರಕ್ಕೆ 23ರಷ್ಟು ಹೆಚ್ಚು. ದೂರವನ್ನೂ ಕಡಿಮೆ ಮಾಡಬೇಕಾದರೆ ಶ್ರುತಿ ಇಳಿಸಬೇಕು. ಒಂದು ಪೂರ್ಣ ಸ್ವರ ಇಳಿಸಿದರೆ ಎಳೆತ ನೂರಕ್ಕೆ 20ರಷ್ಟು ಕಡಿಮೆಯಾಗುತ್ತದೆ. ನಿಮ್ಮ 10–46 ಆಗ ಕೈಗೆ 9ರಷ್ಟೇ ಮೆತ್ತಗಾಗುತ್ತದೆ, ಮೀಂಡಿನ ದೂರವೂ ಗಿಡ್ಡವಾಗುತ್ತದೆ, ಹರಿಯುವ ಭಯವೂ ಇಳಿಯುತ್ತದೆ. ಗಾಯಕರ ಷಡ್ಜಕ್ಕೆ ಹೊಂದಿಕೊಳ್ಳುವುದಾದರೆ ನಿಮಗೆ ಇದೇ ಒಳ್ಳೆಯ ದಾರಿ. ಷಡ್ಜ ಮಾಮೂಲಿ ಶ್ರುತಿಯಲ್ಲೇ ಬೇಕಾದರೆ 9–42.

ಮೂರನೇ ತಂತಿ ಸುತ್ತಿಲ್ಲದ್ದೇ ಇರಲಿ. ಸುತ್ತು ತಂತಿಯ ಒಳಎಳೆ ಸಣ್ಣದು, ಅದು ಮೊದಲೇ ಬಹಳ ಹಿಗ್ಗಿ ನಿಂತಿರುತ್ತದೆ. ಎಷ್ಟು ಎಳೆದರೂ ಸ್ವರ ಏರುವುದು ಸ್ವಲ್ಪವೇ. ಹಿಂದೆ ಎಲೆಕ್ಟ್ರಿಕ್ ಸೆಟ್ಟುಗಳೆಲ್ಲ ಹೀಗೆ ಸುತ್ತಿದ ಮೂರನೇ ತಂತಿಯೊಂದಿಗೇ ಬರುತ್ತಿದ್ದವು. ಬೆಂಡ್ ಬೇಕಾದವರು ಬ್ಯಾಂಜೊ ತಂತಿ ತಂದು ಮೊದಲನೆಯದಾಗಿ ಹಾಕಿ ಉಳಿದವನ್ನು ಒಂದೊಂದು ಸ್ಥಾನ ಸರಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಎರ್ನಿ ಬಾಲ್ ಸಣ್ಣ ತಂತಿಯ ಸೆಟ್ ಮಾರತೊಡಗಿದ ಮೇಲೆ ಆ ಪಾಡು ತಪ್ಪಿತು. ಸುತ್ತಿಲ್ಲದ 17ರ ಮೂರನೇ ತಂತಿಯಲ್ಲಿ ಪರಿಸ್ಥಿತಿ ತಿರುವು ಮುರುವು. ಮೊದಲನೇ ತಂತಿಗೆ ಹೋಲಿಸಿದರೆ ಅದು ಹಿಗ್ಗಿರುವುದು ಮೂರನೇ ಒಂದರಷ್ಟು ಮಾತ್ರ, ಹಾಗಾಗಿ ಬೆರಳು ಸ್ವಲ್ಪ ಸರಿದರೂ ಸ್ವರ ಬೇಗ ಏರುತ್ತದೆ. ಮೀಂಡ್ ಅದರಲ್ಲೇ ಬಹಳ ಸಲೀಸು. ಆದರೆ ಸುಮ್ಮನೆ ಗಟ್ಟಿಯಾಗಿ ಒತ್ತಿದರೂ ಸಾಕು, ಗಾಂಧಾರ ಏರಿ ಕೂರುತ್ತದೆ. ತಂಬೂರಿಯ ಮೇಲೆ ಮೂರನೇ ತಂತಿಯೊಂದರಲ್ಲೇ ನಿಧಾನವಾಗಿ ಸಾ ರೇ ಗ ಒತ್ತಿ ನೋಡಿ, ಎಷ್ಟು ಹಗುರ ಒತ್ತಬೇಕೆಂದು ಕಿವಿಯೇ ಹೇಳುತ್ತದೆ.

ಪ್ರಶ್ನೆ: ಮೆಟಲ್ ಬ್ಯಾಂಡ್. ಡ್ರಾಪ್ ಸಿ ಶ್ರುತಿ. 10–46 ಹಗ್ಗದ ಹಾಗೆ ಜೋತುಬೀಳುತ್ತದೆ.
— ಸಂಡೂರು

ಉತ್ತರ: ಬೀಳಲೇಬೇಕು. ಆರನೇ ತಂತಿ ಇ ಇಂದ ಸಿಗೆ ಇಳಿದಾಗ ಅದರ ಎಳೆತ ಸುಮಾರು 8 ಕೆ.ಜಿ.ಯಿಂದ 5ಕ್ಕೆ ಕುಸಿಯುತ್ತದೆ. ಅದಕ್ಕೆ 56ರ ತಂತಿ ಹಾಕಿದರೆ ಏಳು ಕೆ.ಜಿ. ದಾಟಿ ಬರುತ್ತದೆ. 11–56 ಅಂತಲೇ ಸೆಟ್ ಸಿಗುತ್ತವೆ. ಸಿಗದಿದ್ದರೆ 11–49ರ ಸೆಟ್ ತಂದು ಆರನೆಯದಕ್ಕೆ ಮಾತ್ರ 56ರ ಬಿಡಿ ತಂತಿ ತರಿಸಿ. 46ಕ್ಕೆ ಕೊರೆದ ಕಚ್ಚಿನಲ್ಲಿ 56 ಇಳಿಯುವುದಿಲ್ಲ, ಮೇಲೇ ಕೂತು ಎತ್ತರವಾಗುತ್ತದೆ. ಅಲ್ಲಿ ಪೆನ್ಸಿಲ್ ಸೀಸದಿಂದ ಕೆಲಸ ಆಗದು, ನಟ್ ಫೈಲಿನಿಂದ ಕಚ್ಚನ್ನು ಅಗಲಿಸಲೇಬೇಕು, ಆಳ ಮಾತ್ರ ಹೆಚ್ಚಿಸಬಾರದು. ಒಮ್ಮೆ ಅಗಲಿಸಿದ ಕಚ್ಚಿಗೆ ಮತ್ತೆ 46 ಹಾಕಿದರೆ ಅದು ಅಲುಗಾಡುತ್ತದೆ. ಆದ್ದರಿಂದ ಈ ಶ್ರುತಿಯಲ್ಲೇ ಉಳಿಯುವುದು ಖಚಿತವಾದ ಮೇಲೆ ಫೈಲ್ ಹಿಡಿಯಿರಿ.

ಭಾರೀ ಸದ್ದಿಗೆ ದಪ್ಪ ತಂತಿಯೇ ಬೇಕೆಂಬ ನಿಯಮ ಇಲ್ಲ ಅನ್ನುವುದೂ ನೆನಪಿರಲಿ. ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಐಯೋಮಿ, ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತುವ ಕೈಯೇ ಅದು, ತೀರಾ ಸಣ್ಣ ತಂತಿಯನ್ನು ಇನ್ನೂ ಕೆಳಗಿಳಿಸಿ ನುಡಿಸಿದರು.

ಪ್ರಶ್ನೆ: ಬೇಸಿಗೆಯಲ್ಲಿ ತಂತಿ ಹದಿನೈದು ದಿನಕ್ಕೇ ಕಪ್ಪಾಗುತ್ತವೆ. ಬಯಲಿನ ಕಾರ್ಯಕ್ರಮದಲ್ಲಿ ಶ್ರುತಿಯೂ ನಿಲ್ಲದು. ದಪ್ಪ ಗೇಜ್ ಹಾಕಲೇ?
— ಸಿರುಗುಪ್ಪ

ಉತ್ತರ: ಬೇಡ. ಬಿಸಿಲಿಗೆ ಉಕ್ಕು ಹಿಗ್ಗಿ ಶ್ರುತಿ ಇಳಿಯುತ್ತದೆ, ಅದು ಎಲ್ಲ ಗೇಜಿಗೂ ಒಂದೇ. ಒಂದೇ ಸೆಟ್ಟಿನೊಳಗೆ ಮೊದಲನೇ ತಂತಿಗಿಂತ ಕೆಳಗಿನ ಸುತ್ತು ತಂತಿಗಳು ಹೆಚ್ಚು ಇಳಿಯುತ್ತವೆ, ಹಾಗಾಗಿ ಇಡೀ ಗಿಟಾರ್ ಅಪಸ್ವರ ಅನ್ನಿಸುತ್ತದೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಗಿಟಾರನ್ನು ಕೇಸಿನಿಂದ ತೆಗೆದು ವೇದಿಕೆಯ ನೆರಳಿನಲ್ಲಿ ಇಡಿ. ಅಲ್ಲಿನ ಗಾಳಿಗೆ ಅದು ಹೊಂದಿಕೊಂಡ ಮೇಲೆ ಶ್ರುತಿ ಮಾಡಿ. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಬಿಡಲೇಬೇಡಿ.

ಹೊಸ ತಂತಿಯಾದರೆ ಹಾಕಿದ ದಿನವೇ ಹಿಗ್ಗಿಸಿ: 12ನೇ ಫ್ರೆಟ್ ಹತ್ತಿರ ಪ್ರತಿ ತಂತಿಯನ್ನೂ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಿ, ಮೂರು ನಾಲ್ಕು ಸಲ. ಟ್ಯೂನಿಂಗ್ ಕೀ ಆಚೆಗೆ 5 ಸೆಂ.ಮೀ. ಬಿಟ್ಟು ಸುತ್ತಿದರೆ ದಪ್ಪ ತಂತಿಗೆ ಎರಡು ಮೂರು ಸುತ್ತು ಬರುತ್ತದೆ, ಅಷ್ಟು ಸಾಕು. ಏಳೆಂಟು ಸುತ್ತು ಹೇರಿದರೆ ಒಂದರ ಮೇಲೊಂದು ಏರಿ ಶ್ರುತಿ ಜಾರುತ್ತದೆ.

ಕಪ್ಪಾಗುವುದು ಬೆವರು ಮತ್ತು ಕೆಂಪು ಧೂಳಿನಿಂದ. ಲೇಪನ ಇರುವ ತಂತಿ ಹೆಚ್ಚು ದಿನ ಬಾಳುತ್ತದೆ, ಬೆಲೆಯೂ ಹೆಚ್ಚು. ಬೆವರುವ ಕೈಯವರಿಗೆ ಆ ದುಡ್ಡು ದಂಡವಲ್ಲ. ಅದಿಲ್ಲದಿದ್ದರೆ ನುಡಿಸುವ ಮುನ್ನ ಕೈ ತೊಳೆಯಿರಿ, ನುಡಿಸಿದ ಮೇಲೆ ಹಳೆ ಬನಿಯನ್ ಬಟ್ಟೆಯನ್ನು ತಂತಿಗೂ ಫ್ರೆಟ್ ಬೋರ್ಡಿಗೂ ನಡುವೆ ತೂರಿಸಿ ನಟ್‌ನಿಂದ ಬ್ರಿಡ್ಜಿನವರೆಗೆ ಎಳೆಯಿರಿ. ಮೇಲಿಂದ ಒರೆಸಿದರೆ ಸಾಲದು, ಕೊಳೆ ಕೂಡುವುದು ತಂತಿಯ ಅಡಿಯಲ್ಲಿ.